ಕಣ್ಣೊಳಗೆ ನೀಲಿ ಬಣ್ಣ ಯಾಕೆ ಹಾಕ್ತಾರೆ?

ಪ್ರಶ್ನೆ: ನಮ್ಮ ಅವ್ವನ ರೆಟಿನಾದ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪರದೆ) ನಡುವೆ ತೂತು ಬಿದ್ದಿದೆ. ಹುಬ್ಬಳ್ಳಿಯಲ್ಲಿ ಆಪರೇಷನ್. ಕಣ್ಣೊಳಗೆ ನೀಲಿ ಬಣ್ಣ ಹಾಕ್ತಾರಂತೆ, ತೊಂದರೆ ಆಗಲ್ವಾ?
– ಓದುಗರು, ಗದಗ

ಉತ್ತರ: ಹೆದರಬೇಡಿ, ಆ ಬಣ್ಣ ಹಾಕುವುದೇ ಅವ್ವನ ಕಣ್ಣು ಕಾಪಾಡಲಿಕ್ಕೆ. ತೂತು ಮುಚ್ಚಬೇಕಾದರೆ ರೆಟಿನಾದ ಮೇಲಿನ ಒಂದು ಪೊರೆಯನ್ನು ಸುಲಿಯಬೇಕು. ಅದು ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪ, ಬಣ್ಣವೇ ಇಲ್ಲ, ಮೈಕ್ರೋಸ್ಕೋಪಿನಲ್ಲೂ ಸರಿಯಾಗಿ ಕಾಣಲ್ಲ. ಕಾಣದ್ದನ್ನು ಚಿಮಟದಲ್ಲಿ ಹಿಡಿಯಲು ಹೋದರೆ ಕೆಳಗಿನ ರೆಟಿನಾಕ್ಕೇ ಗಾಯ ಆಗಬಹುದು. ಬ್ರಿಲಿಯಂಟ್ ಬ್ಲೂ ಜಿ ಅನ್ನೋ ಈ ನೀಲಿ ಬಣ್ಣ ಹಾಕಿದರೆ ಆ ಪೊರೆ ನೀಲಿಯಾಗುತ್ತದೆ, ಸುಲಿದ ಜಾಗ ಬಿಳಿಚಿಕೊಳ್ಳುತ್ತದೆ, ಎಲ್ಲಿವರೆಗೆ ಸುಲಿದಾಯ್ತು ಅಂತ ಡಾಕ್ಟರಿಗೆ ಅಂಚು ಸಮೇತ ಕಾಣುತ್ತದೆ. ಆಮೇಲೆ ಬಣ್ಣವನ್ನು ತೊಳೆದು ತೆಗೆಯುತ್ತಾರೆ. ಹಿಂದೆ ಇಂಡೊಸಯನೈನ್ ಗ್ರೀನ್ ಅನ್ನೋ ಹಸಿರು ಬಣ್ಣ ಜಾಸ್ತಿ ಬಳಸುತ್ತಿದ್ದರು. ಅದರಿಂದ ರೆಟಿನಾಕ್ಕೆ ಹಾನಿ ಆಗಬಹುದೆಂಬ ಆತಂಕದಿಂದ ಎಷ್ಟೋ ಸರ್ಜನ್‌ಗಳು ನೀಲಿಗೆ ಬಂದರು.

ಕಣ್ಣೊಳಗಿನ ಲೋಳೆ ಕಾಣಲು ಟ್ರಯಾಮ್ಸಿನೊಲೋನ್ ಅನ್ನೋ ಬಿಳಿ ಔಷಧವನ್ನೂ ಹಾಕುವುದುಂಟು. ಇದು ಸ್ಟಿರಾಯ್ಡ್, ಕೆಲವರಿಗೆ ಕಣ್ಣಿನ ಒತ್ತಡ ಏರುತ್ತದೆ. ಅವ್ವನಿಗೆ ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನ ಒತ್ತಡ ಏರಿ ಕಣ್ಣಿನ ನರ ಹಾಳಾಗುವ ಕಾಯಿಲೆ) ಇದ್ದರೆ ದಯವಿಟ್ಟು ಮೊದಲೇ ಹೇಳಿ. ಕೊನೆಗೆ ಸಾಮಾನ್ಯವಾಗಿ ಕಣ್ಣಿಗೆ ಗ್ಯಾಸ್ ತುಂಬುತ್ತಾರೆ. ಅದು ಪೂರ್ತಿ ಕರಗುವ ತನಕ ವಿಮಾನ ಹತ್ತಿಸಲೇಬೇಡಿ. ಎಷ್ಟು ದಿನ ಬೋರಲು ಮಲಗಬೇಕು ಅಂತಲೂ ಕೇಳಿಕೊಂಡು ಬನ್ನಿ.