ಹಸಿರು ಬಿಡಿ, ಕಂದು ಲೋಳೆ ನೋಡಿ

ಗಂಗಾವತಿ ಹತ್ತಿರದ ಕಾಲುವೆಯಿಂದ ಪಾಚಿ ತಂದೆ, ಬರೀ ಹಸಿರು ದಾರ ಕಾಣುತ್ತೆ, ಬಿಎಸ್ಸಿ ಪ್ರಾಜೆಕ್ಟಿಗೆ ಡಯಾಟಮ್ (ಗಾಜಿನಂಥ ಚಿಪ್ಪಿರೋ, ಒಂದೇ ಜೀವಕೋಶದ ಸಣ್ಣ ಪಾಚಿ) ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀರಿ. ತಪ್ಪು ಬಣ್ಣದ ಹಿಂದೆ ಬಿದ್ದಿದ್ದೀರಿ, ಅಷ್ಟೇ.

ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರೊಳಗಿನ ಕಲ್ಲು ಮುಟ್ಟಿದರೆ ಕಂದು ಲೋಳೆ ಜಾರುತ್ತಲ್ವಾ? ಡಯಾಟಮ್ ಇರೋದು ಅದರಲ್ಲೇ. ಮುಖ್ಯ ಕಾಲುವೆಗೆ ಇಳಿಯಬೇಡಿ, ಸೆಳೆತ ಜಾಸ್ತಿ. ಸಣ್ಣ ವಿತರಣಾ ಕಾಲುವೆ ಸಾಕು. ಐದಾರು ಕಲ್ಲು ಎತ್ತಿ, ಹಳೇ ಟೂತ್‌ಬ್ರಷ್‌ನಿಂದ ತಟ್ಟೆಗೆ ಉಜ್ಜಿ. ಜೀವಂತ ನೋಡೋಕೆ ಸ್ವಲ್ಪ ಬೇರೆ ತೆಗೆದಿಟ್ಟು, ಉಳಿದದ್ದಕ್ಕೆ ಎರಡು ಹನಿ ಅಯೋಡಿನ್ ದ್ರಾವಣ ಹಾಕಿದರೆ ಕೆಡಲ್ಲ. ಪ್ರತಿ ಜಾಗಕ್ಕೂ ಬೇರೆ ಬ್ರಷ್ ಇರಲಿ, ಇಲ್ಲಾಂದ್ರೆ ಒಂದರ ಜೀವಿ ಇನ್ನೊಂದರ ಲೆಕ್ಕಕ್ಕೆ ಸೇರುತ್ತೆ. ನಾನು ಮೊದಲ ವರ್ಷ ಮಾಡಿದ ಎಡವಟ್ಟು ಇದೇ.

ಅಯೋಡಿನ್ ಹಾಕದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ದೊಡ್ಡದು ಮಾಡಿ ನೋಡಿ. ದೋಣಿಯಂಥವು ಸರ್ರನೆ ಜಾರುತ್ತವೆ. ಮೈಮೇಲಿನ ಗೆರೆ ಕಾಣಲ್ಲ, ಒಳಗಿನ ಕಂದು ಅಡ್ಡ ಬರುತ್ತೆ. ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಬಿಸಿ ಮಾಡಿದರೆ ಜೀವದ ಭಾಗ ಸುಟ್ಟು, ಸಿಲಿಕಾದ (ಗಾಜಿನಂಥ) ಚಿಪ್ಪು ಮಾತ್ರ ಉಳಿದು, ಗೆರೆ ಕಾಣುತ್ತೆ. ಜಾತಿ ಗುರುತಿಸೋದು ಆ ಗೆರೆಗಳಿಂದಲೇ. ಈ ಕೆಲಸ ಲ್ಯಾಬಿನಲ್ಲಿ, ಮೇಷ್ಟ್ರ ಎದುರಿಗೇ ಮಾಡಿ.

ಡಯಾಟಮ್ ಸಂಶೋಧಕ ಎಚ್.ಪಿ. ಗಾಂಧಿಯವರು 1950ರ ದಶಕದಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಡಯಾಟಮ್‌ಗಳ ಬಗ್ಗೆ ಬರೆದಿದ್ದಾರೆ. ಅದರಲ್ಲಿನ ಚಿತ್ರ ಪಕ್ಕದಲ್ಲಿಟ್ಟುಕೊಳ್ಳಿ. ಆದರೆ ಅದು ಮಲೆನಾಡಿನ ನೀರು, ನಿಮ್ಮದು ಭತ್ತದ ಗದ್ದೆ ಸೀಮೆ. ಹೋಲಿಕೆಗೆ ಗದ್ದೆಯಿಂದ ಬಸಿದು ಬರುವ ಹಳ್ಳದ ಕಲ್ಲನ್ನೂ ಉಜ್ಜಿ. ನಿಟ್ಶಿಯಾ ಪೇಲಿಯಾ ಅನ್ನೋ ಡಯಾಟಮ್ ಕೊಳಕು ನೀರಲ್ಲೂ ಆರಾಮಾಗಿ ಬೆಳೆಯುತ್ತೆ. ಕಾಲುವೆಗಿಂತ ಹಳ್ಳದಲ್ಲಿ ಅದು ಜಾಸ್ತಿ ಇದೆಯಾ ಅಂತ ಎಣಿಸಿ, ಪ್ರಾಜೆಕ್ಟಿಗೆ ಅದೇ ಪ್ರಶ್ನೆ ಸಾಕು.