ಇಂಗ್ಲಿಷ್ ಮೇಷ್ಟ್ರಿಗೊಂದು ಪ್ರಶ್ನೆ: ದಿನಾ ಹೋಗಿ ಬರೋದಕ್ಕೆ ಏನಂತಾರೆ?

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನಾನು ಓದಿದ್ದು ಕನ್ನಡ ಮೀಡಿಯಂ. ಈಗ ವೈಟ್‌ಫೀಲ್ಡ್ ಹತ್ತಿರ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ದಿನಾ ರೈಲಿನಲ್ಲೇ ಓಡಾಟ. ಹೋದ ತಿಂಗಳು ಬೇರೆ ಕಡೆ ಇಂಟರ್‌ವ್ಯೂಗೆ ಹೋಗಿದ್ದೆ. ‘ಹೌ ಈಸ್ ಯುವರ್ ಕಮ್ಯೂಟ್?’ ಅಂತ ಕೇಳಿದರು. ‘ಡೈಲಿ ಐ ಆ್ಯಮ್ ಡೂಯಿಂಗ್ ಅಪ್ ಅಂಡ್ ಡೌನ್, ಮೈ ಕಮ್ಯುಟೇಶನ್ ಈಸ್ ಟೂ ಅವರ್ಸ್’ ಅಂದೆ. ಕೂತಿದ್ದವರಲ್ಲಿ ಒಬ್ಬರು ನಕ್ಕರು. ತಪ್ಪು ಏನು ಅಂತ ಯಾರೂ ಹೇಳಲಿಲ್ಲ. ಈ ಪದವನ್ನು ಸರಿಯಾಗಿ ಬಳಸುವುದು ಹೇಗೆ?
— ಓದುಗಿ, ಬಂಗಾರಪೇಟೆ

ಉತ್ತರ: ಮೊದಲು ಆ ನಗುವಿನ ವಿಷಯ ಮುಗಿಸೋಣ ತಾಯಿ. ನೀವು ಹೇಳಿದ್ದು ಅವರಿಗೆ ಚೆನ್ನಾಗಿಯೇ ಅರ್ಥವಾಗಿದೆ. ಅರ್ಥವಾದ ಮೇಲೂ ನಕ್ಕರೆ ಅದು ಸಣ್ಣತನ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನಾನು ಕೆಜಿಎಫ್ ಕಡೆ ಇಂಗ್ಲಿಷ್ ಪಾಠ ಮಾಡಿದವನು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಎಷ್ಟೋ ಮನೆಗಳ ಅನ್ನ ರೈಲಿನ ಮೇಲೆ ನಿಂತಿತು. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ಸ್ಟೇಷನ್‌ಗಳಲ್ಲಿ ಬೆಳಗಾಗುವ ಮೊದಲೇ ಜನ ರೈಲು ಹತ್ತುತ್ತಾರೆ. ಬೆಂಗಳೂರಿನಲ್ಲಿ ದುಡಿದು ರಾತ್ರಿ ವಾಪಸ್ ಬರುತ್ತಾರೆ. ನನ್ನ ಕ್ಲಾಸಿನಲ್ಲಿ ಕೂತಿದ್ದು ಅಂಥವರ ಮಕ್ಕಳು. ಇಷ್ಟು ಕಷ್ಟಪಟ್ಟು ಓಡಾಡುವವರು ಆ ಓಡಾಟದ ಬಗ್ಗೆಯೇ ಮಾತಾಡಲು ತಡವರಿಸಬಾರದು. ಅದಕ್ಕೇ ಈ ಸಲ ನಿಮ್ಮ ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತಿದ್ದೇನೆ.

ಕಮ್ಯೂಟ್ ಅಂದರೆ ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಓಡಾಡುವುದು. ಅದೇ ದಾರಿ, ಮತ್ತೆ ಮತ್ತೆ. ಈ ‘ಮತ್ತೆ ಮತ್ತೆ’ ಮುಖ್ಯ. ಒಂದು ದಿನ ಮುಳಬಾಗಿಲಿಗೆ ಮದುವೆಗೆ ಹೋಗಿ ಬಂದರೆ ಅದು ಟ್ರಿಪ್. ಅಲ್ಲಿ ಕಮ್ಯೂಟ್ ಅನ್ನಬಾರದು. ತಿರುಪತಿಗೆ ಹೋದರೂ ಅಷ್ಟೇ. ಹಾಗಂತ ಮತ್ತೆ ಮತ್ತೆ ಹೋಗುವುದೆಲ್ಲಾ ಕಮ್ಯೂಟ್ ಅಂತಲೂ ಅಲ್ಲ. ಕೋಲಾರದ ಎ.ಪಿ.ಎಂ.ಸಿ.ಯಿಂದ ಟೊಮೆಟೊ ತುಂಬಿಕೊಂಡು ಹೋಗುವ ಲಾರಿ ಡ್ರೈವರ್ ಇದ್ದಾರಲ್ಲ, ಲಾರಿ ಓಡಿಸುವುದೇ ಅವರ ಕೆಲಸ. ಬೆಳಗ್ಗೆ ಮನೆಯಿಂದ ಮಂಡಿಗೆ ಬೈಕಿನಲ್ಲಿ ಬರುತ್ತಾರೆ, ಅವರ ಕಮ್ಯೂಟ್ ಅದು. ಬಸ್ ಕಂಡಕ್ಟರಿಗೂ ಇದೇ ಲೆಕ್ಕ. ಮನೆಯಿಂದ ಡಿಪೋವರೆಗಿನ ದಾರಿ ಮಾತ್ರ ಕಮ್ಯೂಟ್.

ಈ ಪದ ಬಂದ ದಾರಿ ನಿಮಗೆ ಖುಷಿ ಕೊಡಬಹುದು. ಇದು ಬಂದಿದ್ದು ರೈಲ್ವೆ ಪಾಸಿನಿಂದ. 19ನೇ ಶತಮಾನದಲ್ಲಿ ಅಮೆರಿಕದ ರೈಲು ಕಂಪನಿಗಳು ದಿನಾ ಓಡಾಡುವವರಿಗೆ ‘ಕಮ್ಯುಟೇಶನ್ ಟಿಕೆಟ್’ ಅಂತ ಕೊಡುತ್ತಿದ್ದವು. ದಿನಾ ಬಿಡಿ ಟಿಕೆಟ್ ತಗೊಳ್ಳುವ ಬದಲು ಒಟ್ಟಿಗೆ ದುಡ್ಡು ಕಟ್ಟಿದರೆ ರೇಟು ಕಡಿಮೆ. ಆ ಟಿಕೆಟ್ ಇದ್ದವರನ್ನು ‘ಕಮ್ಯೂಟರ್’ ಅಂದರು. ಆಮೇಲೆ ಟಿಕೆಟ್ಟಿನ ಮಾತು ಮರೆಯಾಯಿತು, ಓಡಾಟಕ್ಕೇ ಆ ಹೆಸರು ನಿಂತಿತು. ನಮ್ಮ ರೈಲ್ವೆಯಲ್ಲೂ 150 ಕಿ.ಮೀ. ಒಳಗಿನ ದೂರಕ್ಕೆ ತಿಂಗಳ ಪಾಸು, ಮೂರು ತಿಂಗಳ ಪಾಸು ಇದೆ. ನಿಮ್ಮ ಪರ್ಸಿನಲ್ಲಿ ಇರುವುದೂ ಅದೇ ಅಲ್ವಾ? ಹಾಗೆ ನೋಡಿದರೆ ಇಂಟರ್‌ವ್ಯೂ ರೂಮಿನಲ್ಲಿ ನಕ್ಕವರಿಗಿಂತ, ಪಾಸು ಇಟ್ಟುಕೊಂಡು ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುವ ನಿಮಗೆ ಈ ಪದದ ಮೇಲೆ ಹಕ್ಕು ಜಾಸ್ತಿ.

ಈಗ ನಿಮ್ಮ ವಾಕ್ಯಕ್ಕೆ ಬರೋಣ.

‘ಮೈ ಕಮ್ಯುಟೇಶನ್’ ಅನ್ನುವುದನ್ನು ಬಿಟ್ಟುಬಿಡಿ. ಎಷ್ಟೋ ಜನ ಓದಿದವರೂ ಹೀಗೆ ಹೇಳುತ್ತಾರೆ, ಬರೆಯುತ್ತಾರೆ. ಉದ್ದದ ಪದ ಅಂದರೆ ಗೌರವದ ಪದ ಅಂತ ನಮ್ಮಲ್ಲೊಂದು ನಂಬಿಕೆ ಇದೆ. ಇಲ್ಲಿ ಅದು ನಡೆಯುವುದಿಲ್ಲ. ಆ ಹಳೇ ಟಿಕೆಟ್ ಹೋದ ಮೇಲೆ ಕಮ್ಯುಟೇಶನ್ ಅನ್ನುವುದಕ್ಕೆ ಈಗ ಬೇರೆ ಕೆಲಸಗಳಿವೆ. ಕೆಳಗೆ ಇನ್ನೊಬ್ಬರು ಅದನ್ನೇ ಕೇಳಿದ್ದಾರೆ. ನಿಮಗೆ ಬೇಕಾದ್ದು ಬರೀ ‘ಕಮ್ಯೂಟ್’. ಮಾಡುವ ಕೆಲಸಕ್ಕೂ ಅದೇ, ಓಡಾಟದ ಹೆಸರಿಗೂ ಅದೇ. ‘ಐ ಕಮ್ಯೂಟ್ ಬೈ ಟ್ರೈನ್’ ಅನ್ನಬಹುದು, ‘ಮೈ ಕಮ್ಯೂಟ್ ಈಸ್ ಲಾಂಗ್’ ಅಂತಲೂ ಅನ್ನಬಹುದು.

‘ಟೂ ಅವರ್ಸ್’ ಅಂದಿರಿ. ಹೋಗುವುದಕ್ಕೆ ಎರಡು ಗಂಟೆಯೋ, ಹೋಗಿ ಬರುವುದಕ್ಕೆ ಒಟ್ಟು ಎರಡು ಗಂಟೆಯೋ? ಕೇಳುವವರಿಗೆ ಅನುಮಾನ ಬರುತ್ತದೆ. ‘ಈಚ್ ವೇ’ ಅಂತ ಸೇರಿಸಿ. ‘ಮೈ ಕಮ್ಯೂಟ್ ಈಸ್ ಅಬೌಟ್ ಟೂ ಅವರ್ಸ್ ಈಚ್ ವೇ.’ ಈ ಎರಡು ಪದ ಬಿಟ್ಟರೆ ನೀವು ಪಡುವ ಕಷ್ಟದಲ್ಲಿ ಅರ್ಧ ಕೇಳುವವರ ಲೆಕ್ಕಕ್ಕೇ ಬರುವುದಿಲ್ಲ.

‘ಐ ಆ್ಯಮ್ ಡೂಯಿಂಗ್’ ಕೂಡ ಬೇಡ. ದಿನಾ ನಡೆಯುವುದಕ್ಕೆ ‘ಐ ಕಮ್ಯೂಟ್’ ಸಾಕು. ‘ಐ ಆ್ಯಮ್ ಕಮ್ಯೂಟಿಂಗ್’ ಅಂದರೆ ಸದ್ಯಕ್ಕೆ ಓಡಾಡುತ್ತಿದ್ದೇನೆ, ಮುಂದೆ ಬದಲಾಗಬಹುದು ಅನ್ನುವ ಅರ್ಥ ಬರುತ್ತದೆ. ಮನೆ ಹುಡುಕುತ್ತಿದ್ದರೆ ಅದು ಸರಿ. ‘ಡೈಲಿ’ ಅನ್ನುವುದು ತಪ್ಪಲ್ಲ, ಆದರೆ ಸುಮ್ನೆ ಹೇಳಿದ್ದನ್ನೇ ಹೇಳಿದಂತೆ. ವಾರದಲ್ಲಿ ಮೂರೇ ದಿನ ಹೋಗುವುದಾದರೆ ಅದನ್ನು ಹೇಳಿ. ‘ಥ್ರೀ ಡೇಸ್ ಎ ವೀಕ್.’

ಊರಿನ ಹೆಸರಿಗೆ ಮುಂಚೆ ‘ಟು’ ಮರೆಯಬೇಡಿ. ಕನ್ನಡದಲ್ಲಿ ‘ವೈಟ್‌ಫೀಲ್ಡಿಗೆ’ ಅಂದಾಗ ಆ ‘ಗೆ’ ಪದಕ್ಕೇ ಅಂಟಿಕೊಂಡಿರುತ್ತದೆ. ಇಂಗ್ಲಿಷಿನಲ್ಲಿ ಅದು ಬೇರೆಯಾಗಿ ಮುಂದೆ ಬರುತ್ತದೆ. ಅದಕ್ಕೇ ನಮ್ಮ ಮಕ್ಕಳು ‘ಐ ಕಮ್ಯೂಟ್ ವೈಟ್‌ಫೀಲ್ಡ್’ ಅಂದುಬಿಡುತ್ತಾರೆ. ‘ಐ ಕಮ್ಯೂಟ್ ಫ್ರಮ್ ಬಂಗಾರಪೇಟೆ ಟು ವೈಟ್‌ಫೀಲ್ಡ್’ ಸರಿ. ಬಾಯಲ್ಲಿ ಹೇಳುವಾಗ ‘ಕ’ ಹಗುರವಾಗಿರಲಿ, ಒತ್ತು ‘ಮ್ಯೂ’ ಮೇಲೆ ಬೀಳಲಿ.

ಇನ್ನು ‘ಅಪ್ ಅಂಡ್ ಡೌನ್’. ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಮಾತು. ರೈಲ್ವೆಯವರೂ ಒಂದು ದಿಕ್ಕಿಗೆ ಅಪ್, ಇನ್ನೊಂದು ದಿಕ್ಕಿಗೆ ಡೌನ್ ಅನ್ನುತ್ತಾರೆ. ಕನ್ನಡ ಮಾತಾಡುವಾಗ ‘ದಿನಾ ಅಪ್ ಅಂಡ್ ಡೌನ್ ಮಾಡ್ತೀನಿ’ ಅಂತ ಧಾರಾಳವಾಗಿ ಹೇಳಿ, ಬಿಡಬೇಡಿ. ಆದರೆ ಹೊರಗಿನವರ ಜೊತೆ ಇಂಗ್ಲಿಷಿನಲ್ಲಿ ಹಾಗಂದರೆ, ಒಂದೇ ಜಾಗದಲ್ಲಿ ಅತ್ತಿಂದಿತ್ತ ಅಡ್ಡಾಡುತ್ತಿದ್ದೀರಿ ಅಂತ ತಿಳಿದುಕೊಳ್ಳುತ್ತಾರೆ.

ಕೊನೆಗೆ, ಇಂಟರ್‌ವ್ಯೂನಲ್ಲಿ ಇದನ್ನು ಯಾಕೆ ಕೇಳುತ್ತಾರೆ ಅಂತ ತಿಳಿದಿರಲಿ. ಟೈಮಿಗೆ ಬರುತ್ತೀರಾ, ಓಡಾಡಿ ಸಾಕಾಗಿ ಕೆಲಸ ಬಿಡುತ್ತೀರಾ ಅನ್ನುವುದು ಅವರ ಚಿಂತೆ. ಅದಕ್ಕೆ ಉತ್ತರ ಸೇರಿಸಿಯೇ ಹೇಳಿ. ‘ಇಟ್ಸ್ ಅಬೌಟ್ ಟೂ ಅವರ್ಸ್ ಈಚ್ ವೇ. ಐ ಟೇಕ್ ದ ಟ್ರೈನ್ ಟು ವೈಟ್‌ಫೀಲ್ಡ್ ಅಂಡ್ ದ ಮೆಟ್ರೋ ಫ್ರಮ್ ದೇರ್. ಐ ಆ್ಯಮ್ ಯೂಸ್ಡ್ ಟು ಇಟ್.’ ಮೆಟ್ರೋ ಬದಲು ಬಸ್ಸಾದರೆ ಬಸ್ಸು ಅನ್ನಿ. ‘ವಿಲ್ ಯೂ ಕಮ್ಯೂಟ್ ಆರ್ ರೀಲೊಕೇಟ್?’ ಅಂತಲೂ ಕೇಳಬಹುದು. ರೀಲೊಕೇಟ್ ಅಂದರೆ ಮನೆಯನ್ನೇ ಬದಲಾಯಿಸುವುದು. ಅದು ಮನೆಯವರನ್ನು ಕೇಳಿ ಹೇಳುವ ಮಾತು. ‘ಐ ಪ್ರಿಫರ್ ಟು ಕಮ್ಯೂಟ್ ಫಾರ್ ನೌ’ ಅಂದರೆ ಸಾಕು, ಯಾರೂ ತಪ್ಪು ತಿಳಿಯುವುದಿಲ್ಲ.

ಪ್ರಶ್ನೆ: ನಾನು ಕೇಂದ್ರ ಸರ್ಕಾರದ ನೌಕರಿಯಿಂದ ರಿಟೈರ್ ಆದವನು. ನನ್ನ ಪೆನ್ಶನ್ ಕಾಗದದಲ್ಲಿ ‘ಕಮ್ಯುಟೇಶನ್’ ಅಂತ ಇದೆ. ಮೊಮ್ಮಗಳು ಅದು ಆಫೀಸಿಗೆ ಓಡಾಡುವುದಕ್ಕೆ ಸೇರಿದ ಪದ ಅನ್ನುತ್ತಾಳೆ. ಯಾವುದು ಸರಿ?
— ಓದುಗರು, ಚಿಂತಾಮಣಿ

ಉತ್ತರ: ನಿಮ್ಮ ಕಾಗದ ಸರಿ ಇದೆ ಸ್ವಾಮಿ. ಮೊಮ್ಮಗಳೂ ಪೂರ್ತಿ ತಪ್ಪಿಲ್ಲ, ಎರಡೂ ಒಂದೇ ಬೇರಿನವು. ಲ್ಯಾಟಿನ್ ಭಾಷೆಯಲ್ಲಿ ಆ ಬೇರಿಗೆ ‘ಬದಲಾಯಿಸು’ ಅಂತ ಅರ್ಥ. ನಿಮ್ಮ ತಿಂಗಳ ಪೆನ್ಶನ್‌ನಲ್ಲಿ ಒಂದು ಪಾಲನ್ನು ಒಟ್ಟು ಮೊತ್ತಕ್ಕೆ ಬದಲಾಯಿಸಿಕೊಂಡಿದ್ದೀರಿ. ಕೇಂದ್ರ ನೌಕರರು ಹೀಗೆ ಶೇ 40ರವರೆಗೆ ಬದಲಾಯಿಸಿಕೊಳ್ಳಬಹುದು. ಆ ಪಾಲು 15 ವರ್ಷದ ನಂತರ ಮತ್ತೆ ಪೆನ್ಶನ್ನಿಗೆ ಸೇರುತ್ತದೆ. ಮರಣದಂಡನೆಯನ್ನು ಜೀವಾವಧಿ ಶಿಕ್ಷೆಗೆ ಇಳಿಸಿದಾಗಲೂ ಇದೇ ಪದ. ರಾಷ್ಟ್ರಪತಿಗಳಿಗೆ ಈ ಅಧಿಕಾರ ಇರುವುದು ಸಂವಿಧಾನದ 72ನೇ ವಿಧಿಯಲ್ಲಿ. ಮೊಮ್ಮಗಳ ಗಣಿತದ ಪುಸ್ತಕದಲ್ಲೂ ಇದರ ನೆಂಟರಿದ್ದಾರೆ. ಮೂರಕ್ಕೆ ಐದು ಕೂಡಿದರೂ, ಐದಕ್ಕೆ ಮೂರು ಕೂಡಿದರೂ ಎಂಟೇ ಅನ್ನುವುದನ್ನು ‘ಕಮ್ಯುಟೇಟಿವ್’ ಅನ್ನುತ್ತಾರೆ. ಅವಳಿಗೇ ಕೇಳಿ, ಹೇಳುತ್ತಾಳೆ.

ಪ್ರಶ್ನೆ: ನಾನು ಕ್ಯಾತ್ಸಂದ್ರದಿಂದ ಯಶವಂತಪುರದ ಹತ್ತಿರ ಕಾಲೇಜಿಗೆ ಹೋಗುತ್ತೇನೆ. ಕೆಲಸ ಇಲ್ಲ. ನಾನೂ ಕಮ್ಯೂಟ್ ಅನ್ನಬಹುದಾ?
— ವಿದ್ಯಾರ್ಥಿ, ತುಮಕೂರು

ಉತ್ತರ: ಖಂಡಿತ ಅನ್ನಬಹುದು. ಓದಿಗಾಗಿ ದಿನಾ ಓಡಾಡಿದರೂ ಅದೇ ಪದ. ಹಾಸ್ಟೆಲ್‌ನಲ್ಲಿದ್ದು ಹಬ್ಬಕ್ಕೆ ಮಾತ್ರ ಊರಿಗೆ ಬರುವ ನಿಮ್ಮ ಗೆಳೆಯರು ಹಾಗನ್ನಬಾರದು. ಅವರು ‘ಐ ಗೋ ಹೋಮ್ ಫಾರ್ ಫೆಸ್ಟಿವಲ್ಸ್’ ಅನ್ನಲಿ. ಅಲ್ಲಿ ಹೋಮ್ ಮುಂದೆ ‘ಟು’ ಬೇಡ.