ಅಲೆ ನಿಲ್ಲುವುದೇ ಇಲ್ಲ, ಬಿಡಿಸುವುದು ಹೇಗೆ?

ಪ್ರಶ್ನೆ: ಮಲ್ಪೆ ಬೀಚಿನಲ್ಲಿ ಕೂತು ಚಿತ್ರ ಬಿಡಿಸುತ್ತೇನೆ. ಒಂದು ಗೆರೆ ಎಳೆಯುವಷ್ಟರಲ್ಲಿ ಅಲೆ ಒಡೆದಿರುತ್ತದೆ. ರಷ್ಯಾದ ಸಮುದ್ರ ಚಿತ್ರಗಾರ ಐವಜೋವ್‌ಸ್ಕಿ ಹೇಗೆ ಬಿಡಿಸುತ್ತಿದ್ದರು?
– ಓದುಗರು, ಉಡುಪಿ

ಉತ್ತರ: ನೆನಪಿನಿಂದ! 1817ರಲ್ಲಿ ಕ್ರಿಮಿಯಾದ ಫಿಯೊದೋಸಿಯ ಎಂಬ ಬಂದರು ಊರಲ್ಲಿ ಹುಟ್ಟಿದವರು, ಸಮುದ್ರ ನೋಡಿಯೇ ಬೆಳೆದವರು. ಹೊರಗೆ ಪೆನ್ಸಿಲಿನಲ್ಲಿ ಚಿಕ್ಕ ಗುರುತು ಮಾಡಿಕೊಂಡು ಬಂದು, ಬಣ್ಣ ಹಚ್ಚುವ ಕೆಲಸವನ್ನೆಲ್ಲ ಸ್ಟುಡಿಯೋದಲ್ಲೇ ಮಾಡುತ್ತಿದ್ದರು. ಓಡುವ ಅಲೆಯನ್ನು ಎದುರಿಟ್ಟುಕೊಂಡು ಬಿಡಿಸಲು ಆಗುವುದಿಲ್ಲ ಎಂಬುದು ಅವರ ನಂಬಿಕೆ. ಅವರ 1850ರ ಚಿತ್ರ ‘ಒಂಬತ್ತನೇ ಅಲೆ’ ನೋಡಿ, ಅಗಲವೇ ಮೂರು ಮೀಟರಿಗಿಂತ ಜಾಸ್ತಿ. ಮುರಿದ ಹಡಗುಮರಕ್ಕೆ ಜೋತುಬಿದ್ದ ಜನ, ಹಿಂದೆ ಸೂರ್ಯ. ಅಲೆಯ ನೀರು ತೆಳುವಾದಲ್ಲಿ ಬೆಳಕು ಹಾದು ಹಸಿರಾಗಿ ಹೊಳೆಯುತ್ತದಲ್ವಾ, ನನಗೆ ಅದೇ ತುಂಬಾ ಇಷ್ಟ. ಮಲ್ಪೆಯಲ್ಲೂ ಸಂಜೆ ಸೂರ್ಯ ಅಲೆಯ ಹಿಂದೆಯೇ ಇರುತ್ತಾನೆ. ಸ್ವಲ್ಪ ದಿನ ಬಣ್ಣ, ಬ್ರಷ್ ಮನೆಯಲ್ಲೇ ಬಿಟ್ಟು ಹೋಗಿ ಸುಮ್ನೆ ನೋಡಿ, ಬಂದ ಕೂಡಲೇ ಬಿಡಿಸಿ.